ಬದುಕಿದ್ದವರಿಗೆ ಊದಿದ ರಾಗ

ಸೆಪ್ಟೆಂಬರ್ 12, 1929. ಗುರುವಾರ

ಕರ್ನಲ್ ಆಬರ್ನೆತಿ ತನ್ನ ಪುಸ್ತಕದ ಅಚ್ಚಿನ ಕರಡು ಕಳಿಸಿದ್ದಾನೆ. ಯುದ್ಧದಲ್ಲಿ ನಮ್ಮ ಐದನೆಯ ಬಟಾಲಿಯನ್ನಿನ ಚರಿತ್ರೆ. ನವೆಂಬರ್ ಹನ್ನೊಂದರಂದು ಸ್ಮಾರಕದ ಮುಂದೆ ಬಿಡುಗಡೆಯಂತೆ. ಅಷ್ಟರೊಳಗೆ ನಾನು ತಪ್ಪು ತಿದ್ದಿಕೊಡಬೇಕಂತೆ. ನಮ್ಮ ಡ್ರಮ್‌ಕ್ಯಾರಿ ಊರಿನಲ್ಲಿ ಅಲ್ಪವಿರಾಮದ ಜಾಗ ಬಲ್ಲವರು ನೀವೊಬ್ಬರೇ ಎಂದು ಚೀಟಿಯಲ್ಲಿ ಹೊಗಳಿದ್ದಾನೆ. ಅವನ ಸಿಪಾಯಿಗಳಲ್ಲಿ ಅರ್ಧ ಜನ ನನ್ನ ಶಾಲೆಯ ಬೆಂಚಿನಲ್ಲಿ ಕೂತು ಅಂಗಿಯ ತೋಳಿಗೆ ಮೂಗು ಒರೆಸಿಕೊಂಡವರು. ಅವರಿಗೂ ಅಲ್ಪವಿರಾಮ ಬರುತ್ತಿತ್ತು. ಅವರನ್ನು ಎಲ್ಲಿ ಬಿಟ್ಟು ಬಂದನೆಂದು ಅವನನ್ನೇ ಕೇಳಬೇಕು.

ಜಮೀನ್ದಾರನಾಗಿದ್ದ ಇವನ ಅಜ್ಜ ನನ್ನ ಅಜ್ಜಿಯ ಮನೆಯ ಸೂರಿಗೆ ಬೆಂಕಿ ಹಾಕಿಸಿ, ಜನರನ್ನು ಓಡಿಸಿ, ಕಣಿವೆಯನ್ನು ಕುರಿಗಳಿಗೆ ಕೊಟ್ಟ. ಇವನ ಅಪ್ಪ ಅದೇ ಕಣಿವೆಯ ಹೆಸರು ಹೇಳಿ ಪಡೆ ಕಟ್ಟಿದ. ಇವನು ಆ ಪಡೆಯನ್ನು ಫ್ರಾನ್ಸಿಗೆ ನಡೆಸಿದ. ಮೂರು ತಲೆಮಾರಿನ ಉಪಕಾರ. ಈಗ ಚರಿತ್ರೆ ಬೇರೆ.

ಸತ್ತ ಪ್ರತಿಯೊಬ್ಬನ ಭಾವಚಿತ್ರವೂ ಪುಸ್ತಕದಲ್ಲಿ ಇರುತ್ತದೆ. ಕಳೆದ ಚಳಿಗಾಲದಲ್ಲೇ ಮನೆಮನೆಯಿಂದ ಕೇಳಿ ಪಡೆದಿದ್ದಾನೆ. ನನ್ನ ಲಾಕ್ಲನ್‌ನದನ್ನೂ ಕೊಟ್ಟೆ. ಅಗ್ಗಿಷ್ಟಿಕೆಯ ಮೇಲಿನ ಗೋಡೆಯಲ್ಲಿ ಅದು ಇದ್ದ ಜಾಗ ಇನ್ನೂ ಬೆಳ್ಳಗೆ ಉಳಿದಿದೆ.

ನೇರವಾಗಿ ಫ್ರಾನ್ಸಿನ ಓಬ್ರಿಕೂರಿನಲ್ಲಿ ದಾಳಿ ನಡೆದ ಬೆಳಗಿನ ಪುಟ ತೆಗೆದೆ. ಆರು ಸಾಲು. ನನ್ನ ಹತ್ತೊಂಬತ್ತು ವರ್ಷದ ಮಗ ಸತ್ತ ಬೆಳಗಿಗೆ ಆರು ಸಾಲು. ಕರ್ನಲನ ಕುದುರೆ ಕುಂಟಿದ್ದಕ್ಕೆ ಒಂದಿಡೀ ಪುಟ. ಕೊನೆಯ ಸಾಲು ಹೀಗಿದೆ: "ನಮ್ಮ ವಾದ್ಯಗಾರನು ಕಂದಕದ ಅಂಚಿನಲ್ಲಿ ನಿಂತು ಬ್ಯಾಗ್‌ಪೈಪಿನಲ್ಲಿ ಹುರುಪಿನ ದಂಡಿನ ನಡೆಯೊಂದನ್ನು ನುಡಿಸಲು, ಯೋಧರು ನಗುತ್ತ ಮುನ್ನುಗ್ಗಿದರು."

ಹುರುಪಿನ ನಡೆ!

ಆ ಬೆಳಗ್ಗೆ ಅಲ್ಲಿ ಊದಿದ್ದು ಏನೆಂದು ಈ ಊರಿನ ನಾಯಿಗೂ ಗೊತ್ತು. ಊದಿದ್ದು ನಮ್ಮ ಕಣಿವೆಯ ಸಾವಿನ ರಾಗ. ಹೆಣ ಎತ್ತುವಾಗಲ್ಲದೆ ಅದನ್ನು ಪೂರ್ತಿ ವಾದ್ಯದಲ್ಲಿ ಊದುವಂತಿಲ್ಲ. ಕಲಿಯುವವರು ಕೂಡ ಬಾಗಿಲು ಹಾಕಿಕೊಂಡು, ಬರೀ ಅಭ್ಯಾಸದ ಕೊಳವೆಯಲ್ಲಿ, ಉಸಿರು ತಗ್ಗಿಸಿ ನುಡಿಸುತ್ತಾರೆ. ಸತ್ತವನೊಬ್ಬನಿಗೆ ಒಂದೇ ಸಲ. ಎರಡನೆಯ ಸಲ ಊದಿದರೆ ಮನೆಯಲ್ಲಿ ಇನ್ನೊಬ್ಬರನ್ನು ಕೇಳುತ್ತದೆ ಎನ್ನುತ್ತಾರೆ. ನಾನು ಓದಿದವಳು, ಇದನ್ನೆಲ್ಲ ನಂಬುವವಳಲ್ಲ. ಆದರೆ ಬದುಕಿ ನಿಂತ ಹುಡುಗರ ಮುಖಕ್ಕೆ ಅದನ್ನು ಊದಿ ಗುಂಡಿಗೆ ಕಳಿಸಿದವನನ್ನು ಕ್ಷಮಿಸದಿರಲು ಮೂಢನಂಬಿಕೆ ಬೇಕಾಗಿಲ್ಲ, ತಾಯಿಯಾಗಿದ್ದರೆ ಸಾಕು.

ಆ ಮನುಷ್ಯನ ಹೆಸರನ್ನು ಹದಿನಾಲ್ಕು ವರ್ಷಗಳಿಂದ ನಾಲಿಗೆಗೆ ತಂದಿಲ್ಲ. ಇಲ್ಲಿಯೂ ಬರೆಯುವುದಿಲ್ಲ. ಆದರೆ ಪುಸ್ತಕದಲ್ಲಿ ಬರೆಸುತ್ತೇನೆ.

ಸೆಪ್ಟೆಂಬರ್ 14, ಶನಿವಾರ

ಜೆಸ್ಸಿ ಟಫ್‌ಳ ಅಂಗಡಿಗೆ ಹೋಗಿದ್ದೆ, ಓಟ್ಸ್ ಹಿಟ್ಟಿಗೆ. ಆ ಸಾಲನ್ನು ಓದಿ ಹೇಳಿದೆ. ಓಬ್ರಿಕೂರಿನಲ್ಲಿ ಅವಳ ಇಬ್ಬರು ಮಕ್ಕಳು ಹೋದರು.

"ನಗ್ತಾ ಹೋದ್ರಾ?" ಎಂದಳು ಜೆಸ್ಸಿ, ತಕ್ಕಡಿಯ ಮೇಲೆ ಕೈ ಇಟ್ಟುಕೊಂಡೇ. "ಆಗ್ಲೂ ಆ ಕರ್ನಲ್ ನನಗೆ ಹಂಗೇ ಬರೆದಿದ್ದ ಕಣೆ. ಇಬ್ಬರಿಗೂ ಸೇರಿಸಿ ಒಂದೇ ಕಾಗದ. ನಮ್ಮ ಸ್ಯಾಂಡಿ ಮದುವೆ ದಿನಾನೇ ನಕ್ಕಿರಲಿಲ್ಲ, ಇನ್ನು ಫಿರಂಗಿ ನೋಡಿ ನಗ್ತಾನಾ?"

"ನಗುವ ವಿಷಯ ಬಿಡು. ಊದಿದ್ದರ ವಿಷಯ ಹೇಳು."

"ಯಾರು, ಟಾರ್ಕ್ವಿಲ್ ಮನ್ರೋನಾ?" ಅವಳು ದನಿ ಇಳಿಸಿದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. "ಮೊನ್ನೆ ಬಂದಿದ್ದ, ಉಪ್ಪಿಗೆ. ಬಾಗಿಲ ಆಚೆನೇ ನಿಂತು ಕೇಳ್ತಾನೆ, ಒಳಗೆ ಬರಲ್ಲ. ಮೊದಲೆಲ್ಲ ತಿಂಗಳಿಗೊಂದು ಡಬ್ಬಿ ಕಾಕಂಬಿ ತಗೊಂಡು ಹೋಗೋನು, ವಾದ್ಯದ ಚರ್ಮದ ಚೀಲ ಒಣಗದಂಗೆ ಅದಕ್ಕೆ ಕುಡಿಸೋಕೆ. ಯುದ್ಧದಿಂದ ಬಂದ ಮೇಲೆ ಒಂದು ಡಬ್ಬಿ ಕೇಳಿಲ್ಲ ನೋಡು."

ಕೇಳದಿದ್ದರೆ ಒಳ್ಳೆಯದೇ. ಕುರಿಚರ್ಮದ ಚೀಲ ಒಣಗಿ ಬಿರಿದು ಹೋಗಲಿ. ಬೆಟ್ಟದ ದಾರಿಯಲ್ಲಿ ಕಲ್ಲುಗೋಡೆ ಕಟ್ಟಿಕೊಂಡು ಬದುಕಿದ್ದಾನೆ, ಬದುಕಿರುವುದೇ ಹೆಚ್ಚಾಯಿತು. ನನ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನನ್ನ ಸಾರು ಕುಡಿದು ನನ್ನ ಮಗನಿಗೆ ಕೊಳವೆ ಹಿಡಿಯಲು ಕಲಿಸಿದವನು. ಅದನ್ನೂ ಮರೆತಿಲ್ಲ.

ಸೆಪ್ಟೆಂಬರ್ 18, ಬುಧವಾರ

ಕರ್ನಲನ ಮನೆಗೆ ಹೋಗಿ ಬಂದೆ. ಜಿಂಕೆಯ ಕೊಂಬುಗಳ ಕೆಳಗೆ ಕೂರಿಸಿದ. ಚಹಾ ತಣ್ಣಗಿತ್ತು.

"ಅರವತ್ತನೆಯ ಪುಟದ ಕೊನೆಯ ಸಾಲು ಸುಳ್ಳು" ಎಂದೆ.

"ಮಿಸೆಸ್ ಗೆಡ್ಡೆಸ್, ನಾನೇ ಅಲ್ಲಿದ್ದೆ. ನನ್ನ ಕಿವಿಯಾರೆ ಕೇಳಿದೀನಿ. ಬಹಳ ಸೊಗಸಾಗಿ ನುಡಿಸಿದ."

"ಯಾವ ರಾಗ ಹೇಳಿ ನೋಡೋಣ."

"ಅದೇ... ದಂಡಿನ ನಡೆ" ಎಂದ. ಆಗ ನನಗೆ ಅರ್ಥವಾಯಿತು. ಏಳನೆಯ ವಯಸ್ಸಿಗೇ ಇಂಗ್ಲೆಂಡಿನ ಶಾಲೆಗೆ ಹೋದವನು. ಅವನ ಕಿವಿಗೆ ನಮ್ಮ ವಾದ್ಯದ ರಾಗಗಳೆಲ್ಲ ಒಂದೇ. ಮದುವೆಯದೂ ಅದೇ, ಮಸಣದ್ದೂ ಅದೇ. ಹದಿನಾಲ್ಕು ವರ್ಷಗಳಲ್ಲಿ ಊರಿನವರೊಬ್ಬರೂ ಇವನಿಗೆ ಹೇಳಿಲ್ಲ, ಏಕೆಂದರೆ ಇವನ ಹತ್ತಿರ ಯಾರೂ ಅಂಥದ್ದನ್ನು ಮಾತನಾಡುವುದಿಲ್ಲ.

ನಾನು ಹೇಳಿದೆ. ನಿಧಾನವಾಗಿ, ಒಂದನೆಯ ತರಗತಿಯವರಿಗೆ ಹೇಳುವಂತೆ. ಅದು ಸಾವಿನ ರಾಗ, ಬದುಕಿದ್ದವರಿಗೆ ಊದಬಾರದು, ಅವನು ಊದಿದ.

ಕೋಪಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತ.

"ಹಾಗೋ... ಹುಡುಗರಿಗೆ ಅದು ಗೊತ್ತಾಗ್ತಿತ್ತಾ? ಎಲ್ಲರಿಗೂ?"

"ತೊಟ್ಟಿಲಲ್ಲಿರುವಾಗಲೇ ಗೊತ್ತಾಗುತ್ತದೆ."

"ಬಹಳ ಮುಖ್ಯವಾದ ವಿಷಯ ಹೇಳಿದ್ರಿ, ಮಿಸೆಸ್ ಗೆಡ್ಡೆಸ್. ಬಹಳ ಉಪಕಾರ ಆಯ್ತು."

ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಅವನ ಮನೆತನದವರು ನಮ್ಮವರನ್ನು ಬಾಗಿಲವರೆಗೆ ಬಿಡಲು ಬಂದದ್ದು ಇದೇ ಮೊದಲಿರಬೇಕು. ಹಿಂದೆ ಬಾಗಿಲಿಂದಾಚೆಗೆ ನೂಕಲು ಬಂದಿದ್ದರು.

ಸೆಪ್ಟೆಂಬರ್ 25

ಇವತ್ತು ಆ ದಿನ, ಓಬ್ರಿಕೂರಿನದು. ಗಂಜಿ ಕಾಯಿಸಿದೆ. ಮಳೆ. ಲಾಕ್ಲನ್‌ಗೆ ಗೋರಿಯಿಲ್ಲ, ಹೆಣ ಎತ್ತಿದವರಿಲ್ಲ. ಸತ್ತ ಎಲ್ಲರಿಗೂ ಸಿಗುವ ಆ ಒಂದು ಸಲದ ರಾಗವೂ ಅವನಿಗೆ ಸಿಗಲಿಲ್ಲ.

ಗಂಜಿ ಕೋಳಿಗಳಿಗೆ ಹೋಯಿತು.

ಅಕ್ಟೋಬರ್ 3, ಗುರುವಾರ

ಗೆದ್ದೆ. ತಿದ್ದಿದ ಪುಟ ಬಂದಿದೆ. "ವಾದ್ಯಗಾರ ಟಿ. ಮನ್ರೋ ಎಂಬವನು ಅವಿವೇಕದಿಂದ ಶೋಕರಾಗವನ್ನು ನುಡಿಸಿದ್ದರಿಂದ ಯೋಧರ ಧೈರ್ಯವು ಕುಂದಿತು. ಅಂದಿನ ದಾಳಿಯು ಕೈಗೂಡದಿದ್ದುದಕ್ಕೆ ಇದೇ ಮುಖ್ಯ ಕಾರಣವಾಯಿತು."

ಹೆಸರು ಬಂದಿದೆ. ಚರ್ಮದ ಕಟ್ಟಿನ ಪುಸ್ತಕದಲ್ಲಿ, ಒಳ್ಳೆಯ ಕಾಗದದ ಮೇಲೆ, ಅವನ ಹೆಸರು ಅವನು ಮಾಡಿದ ಕೆಲಸದ ಪಕ್ಕದಲ್ಲೇ. ಇದನ್ನೇ ಬಯಸಿದ್ದೆ.

ಒಂದು ವಾಕ್ಯ ಕಾಣುತ್ತಿಲ್ಲ. ಮೊದಲಿನ ಕರಡಿನಲ್ಲಿ "ಶತ್ರುಗಳ ಮುಳ್ಳುತಂತಿಯು ಕಡಿಯದೇ ಉಳಿದಿತ್ತು" ಎಂದಿತ್ತು. ಹಳೆಯ ಪುಟವನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಹೌದು, ಇತ್ತು. ಈಗ ತಂತಿ ಇಲ್ಲ. ಯುದ್ಧ ಮುಗಿದು ಹನ್ನೊಂದು ವರ್ಷಗಳ ಮೇಲೆ, ಕುಳಿತಲ್ಲೇ ಕಡಿದು ಹಾಕಿದ್ದಾನೆ.

ಜಾಗ ಸಾಲದೆ ತೆಗೆದಿರಬಹುದು. ಕುದುರೆಯ ಪುಟ ಹಾಗೆಯೇ ಇದೆ.

"ಧೈರ್ಯವು ಕುಂದಿತು." ಯಾರ ಧೈರ್ಯ?

ಅಕ್ಟೋಬರ್ 5, ಶನಿವಾರ

ರೈಲ್ವೆ ಗೇಟಿಗೆ ಹೋದೆ, ಡಾಡ್ ಮಿಲ್ನ್‌ನನ್ನು ಕಾಣಲು. ಗೇಟು ಕಾಯುವವನು, ಎಡಗೈ ಓಬ್ರಿಕೂರಿನಲ್ಲೇ ಉಳಿಯಿತು. ಗುಣಾಕಾರದಲ್ಲಿ ಅವನಷ್ಟು ದಡ್ಡನನ್ನು ನಾನು ಕಂಡಿಲ್ಲ, ಆದರೆ ಸುಳ್ಳು ಹೇಳುವವನಲ್ಲ. ತಂತಿಯ ವಿಷಯವನ್ನಷ್ಟೇ ಕೇಳಬೇಕೆಂದಿದ್ದೆ.

"ತಂತಿನಾ, ಟೀಚರಮ್ಮ? ಹಿಂದಿನ ಸಂಜೆ ನಾನೇ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ ಮುಟ್ಟಿ ಬಂದೆ. ನಮ್ಮ ಫಿರಂಗಿ ಒಂದು ಎಳೆನೂ ಕಡಿದಿರಲಿಲ್ಲ, ಮುಳ್ಳುಪೊದೆ ಇದ್ದಂಗಿತ್ತು, ದಾಟೋಕೆ ದಾರೀನೇ ಇರಲಿಲ್ಲ. ಬಂದು ಕರ್ನಲ್‌ಗೆ ಹೇಳ್ದೆ. 'ಹುಕುಂ ಹುಕುಮ್ಮೇ, ಮಿಲ್ನ್' ಅಂದ್ರು. ಅಷ್ಟೇ."

ನಾನು ಹೊಸ ಪುಟವನ್ನು ಅವನ ಕೈಗೆ ಕೊಟ್ಟೆ. ತುಟಿ ಅಲ್ಲಾಡಿಸುತ್ತ ಓದಿದ. ಇನ್ನೊಮ್ಮೆ ಓದಿದ. ಮುಖ ಕೆಂಪಗಾಯಿತು.

"ಇದನ್ನ ಯಾರು ಹೇಳಿದ್ದು ಆ ಮುದುಕನಿಗೆ?"

"ಯಾರು ಹೇಳಿದರೇನು? ನಿಜ ತಾನೇ? ಊದಿದನೋ ಇಲ್ಲವೋ?"

"ಊದಿದ."

"ಮತ್ತೆ?"

"ಟೀಚರಮ್ಮ, ಬೇಕಾದ್ರೆ ನನ್ನ ಇನ್ನೊಂದು ಕೈ ಕೇಳಿ, ಕೊಡ್ತೀನಿ. ಇದೊಂದು ಕೇಳಬೇಡಿ. ನಿಮಗಂತೂ ಹೇಳಬಾರದು ಅಂತ ಟಾರ್ಕ್ವಿಲ್ ನಮ್ಮ ಹತ್ರ ಆಣೆ ಹಾಕಿಸ್ಕೊಂಡಿದಾನೆ."

ನನಗಂತೂ ಎಂದರೇನು? ನಾನು ಅಲ್ಲಿಯೇ ಅವನ ಬೆಂಚಿನ ಮೇಲೆ ಕೂತೆ. ಹೇಳುವವರೆಗೂ ಏಳುವುದಿಲ್ಲ, ಗೇಟಿನ ಕೆಳಗೆ ಬೇಕಾದರೆ ಮಲಗುತ್ತೇನೆ ಎಂದೆ. ಗಾಡಿಯೊಂದು ಬಂದು ಹೋಯಿತು. ಗೇಟು ತೆಗೆದು, ಮುಚ್ಚಿ, ಮತ್ತೆ ಬಂದ. ನನ್ನ ಮುಖ ನೋಡದೆ, ಹಳಿಗಳನ್ನು ನೋಡುತ್ತಾ ಹೇಳಿದ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆದಿಡುತ್ತೇನೆ, ಆಮೇಲೆ ನನಗೇ ಅನುಮಾನ ಬರಬಾರದು.

"ತಂತಿ ವಿಷಯ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಮಾತಾಡ್ತಿರಲಿಲ್ಲ. ಮಾತಾಡಿದ್ದು ಅವನೊಬ್ಬನೇ, ನಿಮ್ಮ ಹುಡುಗ. 'ಟಾರ್ಕ್ವಿಲ್, ಬೆಳಗ್ಗೆ ಆದ್ಮೇಲೆ ನಮ್ಮನ್ನ ಎತ್ತೋಕೆ ಜನ ಇರಲ್ಲ, ಊದೋಕೆ ನೀನೂ ಇರಲ್ಲ. ಅನಾಥ ಹೆಣ ಆಗಿ ಹೋಗೋದು ಬೇಡ. ಈಗಲೇ ಊದಿಬಿಡು' ಅಂದ. ಟಾರ್ಕ್ವಿಲ್ ಒಪ್ಪಲಿಲ್ಲ, ಬೈದ. 'ಬದುಕಿರೋರಿಗೆ ಊದಲ್ಲ ಕಣೋ, ನನ್ನ ಕೈ ಬಿದ್ದು ಹೋಗುತ್ತೆ' ಅಂದ. ಆಗ ಜೆಸ್ಸಿಯಮ್ಮನ ಸ್ಯಾಂಡಿ, ಅವನು ಯಾವತ್ತೂ ಬಾಯಿ ಬಿಡೋನಲ್ಲ, ಅವನೂ ಅಂದ, 'ಊದು ಟಾರ್ಕ್ವಿಲ್, ನಮ್ಮಮ್ಮ ಕೇಳಿದ್ರೆ ಆಗಿದೆ ಅಂತ ಹೇಳಬಹುದು.' ಆಮೇಲೆ ಒಬ್ಬೊಬ್ರೂ ಕೇಳಿದ್ವಿ. ನಾನೂ ಕೇಳ್ದೆ. ನನಗೂ ಊದಿದಾನೆ ಅವನು, ಟೀಚರಮ್ಮ. ನನ್ನದೂ ಆಗಿ ಹೋಗಿದೆ."

"ಕರ್ನಲ್?" ಎಂದೆ.

"ಪಕ್ಕದಲ್ಲೇ ನಿಂತಿದ್ರು, ಗಡಿಯಾರ ನೋಡ್ಕೊಂಡು. ಬೂಟ್ಸಲ್ಲಿ ತಾಳ ಹಾಕ್ತಿದ್ರು."

ತಾಳ ಹಾಕುತ್ತಿದ್ದನಂತೆ.

"ರಾಗ ಮುಗಿಯೋವರೆಗೂ ನಾವು ಟೋಪಿ ತೆಗೆದು ನಿಂತಿದ್ವಿ. ಆಮೇಲೆ ಹಾಕ್ಕೊಂಡ್ವಿ. ದಾಳಿಗೆ ಸೀಟಿ ಊದಿದ್ರು, ಹೋದ್ವಿ. ಎಲ್ಲರೂ ಹೋದ್ರು, ಒಬ್ಬನೂ ಹಿಂದೆ ಉಳೀಲಿಲ್ಲ. ಧೈರ್ಯ ಕುಂದಿತಂತೆ! ಕುಂದಿದ್ರೆ ತಂತಿವರೆಗೂ ಯಾಕೆ ಹೋಗ್ತಿದ್ವಿ? ಟಾರ್ಕ್ವಿಲ್ ವಾದ್ಯ ಕೆಳಗಿಟ್ಟು ಹಿಂದೇನೇ ಬಂದ. ನನ್ನ ಹೊತ್ತು ತಂದೋನು ಅವನೇ."

ನನ್ನ ಲಾಕ್ಲನ್ ನಗುತ್ತ ಹೋಗಲಿಲ್ಲ. ಟೋಪಿ ತೆಗೆದು ನಿಂತಿದ್ದ.

ಅಕ್ಟೋಬರ್ 6, ಭಾನುವಾರ

ಚರ್ಚಿಗೆ ಹೋಗಲಿಲ್ಲ.

ಅಕ್ಟೋಬರ್ 9, ಬುಧವಾರ

ಜಗಳವಾಡಲೆಂದೇ ಬೆಟ್ಟದ ದಾರಿ ಹತ್ತಿದೆ. ಆ ದಾರಿಯ ಕಲ್ಲು ನನ್ನ ಮೊಣಕಾಲಿಗೆ ಶತ್ರು. ಅವನು ಗೋಡೆ ಕಟ್ಟುತ್ತಿದ್ದ. ನನ್ನನ್ನು ಕಂಡು ಕಲ್ಲು ಕೆಳಗಿಟ್ಟು ಟೋಪಿ ತೆಗೆದ. ಕೂದಲು ಪೂರ್ತಿ ಬೆಳ್ಳಗಾಗಿದೆ. ನನಗಿಂತ ಬಹಳ ಚಿಕ್ಕವನು.

"ಡಾಡ್ ಎಲ್ಲ ಹೇಳಿದ" ಎಂದೆ.

"ಡಾಡ್ ಬಾಯಿಗೆ ಗೇಟು ಇಲ್ಲ."

"ನೀನೇಕೆ ಹೇಳಲಿಲ್ಲ? ಹದಿನಾಲ್ಕು ವರ್ಷ!"

"ನೀವು ಕೇಳಲಿಲ್ಲ, ಲಾಕ್ಲನ್ ಅಮ್ಮ."

ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಯಾರೂ ಹಾಗೆ ಕರೆದು ಬಹಳ ಕಾಲವಾಗಿದೆ.

"ನೀನು ಎದುರು ಬಂದರೆ ನಾನು ರಸ್ತೆ ದಾಟುತ್ತಿದ್ದೆ, ಕೇಳುವುದು ಹೇಗೆ?"

"ನೋಡ್ತಿದ್ದೆ. ಎರಡು ಸಲ ಗಾಡಿಗೆ ಸಿಕ್ಕಿಹಾಕ್ಕೊಳ್ತಿದ್ರಿ. ಅದಕ್ಕೇ ನಾನು ಶನಿವಾರ ಪೇಟೆಗೆ ಬರೋದು ಬಿಟ್ಟೆ."

ಉದ್ಧಟ. ಅವನಿಗೆ ಮೊದಲಿನಿಂದಲೂ ಎದುರುತ್ತರ ಕೊಡುವ ಚಾಳಿ.

"ಮಗ ನಗ್ತಾ ಹೋದ ಅಂತ ನಿಮಗೆ ಕಾಗದ ಬಂದಿತ್ತು" ಎಂದ ಆಮೇಲೆ, ಕಲ್ಲಿನ ಮಣ್ಣು ಒರೆಸುತ್ತಾ. "ಹೋಗೋಕೆ ಮುಂಚೆ ಎಲ್ಲ ಗೊತ್ತಿತ್ತು ಅಂತ ಹೇಳಿ ಅದನ್ನ ಯಾಕೆ ಕಿತ್ಕೊಳ್ಳಲಿ? ನನ್ನ ಮೇಲೆ ಸಿಟ್ಟಾದ್ರೆ ಸಿಟ್ಟಲ್ಲೇ ಗಟ್ಟಿಯಾಗಿರ್ತೀರಿ ಅಂದ್ಕೊಂಡೆ. ಗಟ್ಟಿಯಾಗೇ ಇದೀರಲ್ಲ."

ಪುಟವನ್ನು ತೋರಿಸಿದೆ. ಓದಿ ಹಿಂದಕ್ಕೆ ಕೊಟ್ಟ.

"ಬರ್ಕೊಳ್ಳಲಿ ಬಿಡಿ. ಈ ಊರು ಹೆಂಗೂ ಹಂಗೇ ಅಂದ್ಕೊಂಡಿದೆ."

ಬಿಡಿ ಎಂದರೆ ಬಿಡುವವಳೇ ನಾನು? ಪಕ್ಕದಲ್ಲೇ ಅವನ ಮನೆಯ ಬಾಗಿಲು ತೆರೆದಿತ್ತು. ವಾದ್ಯ ಮೊಳೆಗೆ ನೇತುಬಿದ್ದಿದೆ. ಚೀಲ ಒಣಗಿ, ಬರಗಾಲದ ಹಸುವಿನ ಪಕ್ಕೆಯಂತೆ ಸುಕ್ಕುಗಟ್ಟಿದೆ. ಒಲೆಯ ಹೊಗೆ ಸರಿಯಾಗಿ ಹೋಗುತ್ತಿಲ್ಲ. ಗಂಡಸರು ಒಬ್ಬರೇ ಬದುಕುವ ರೀತಿಯೇ ಇಷ್ಟು.

ಅಕ್ಟೋಬರ್ 12, ಶನಿವಾರ

ಕರ್ನಲ್. ಈ ಸಲ ಚಹಾವೂ ಇಲ್ಲ.

"ಮಾಹಿತಿ ಕೊಟ್ಟವರು ನೀವೇ, ಮಿಸೆಸ್ ಗೆಡ್ಡೆಸ್."

"ಪೂರ್ತಿ ತಿಳಿಯದೆ ಕೊಟ್ಟೆ. ಈಗ ಪೂರ್ತಿ ಕೊಡುತ್ತಿದ್ದೇನೆ. ಕೇಳಿದ್ದು ಹುಡುಗರೇ. ಏಕೆ ಕೇಳಿದರೆಂದರೆ ತಂತಿ ಕಡಿದಿರಲಿಲ್ಲ. ಕಡಿದಿಲ್ಲವೆಂದು ನಿಮಗೆ ಗೊತ್ತಿತ್ತು."

"ಚರಿತ್ರೆ ಬರೆಯುವಾಗ ಗೇಟು ಕಾಯೋರ ಮಾತು ಕೇಳ್ಕೊಂಡು ಕೂರೋಕಾಗಲ್ಲ."

"ವಾದ್ಯದವನ ರಾಗ ಕೇಳಿ ತಾಳ ಹಾಕೋಕಾಗುತ್ತದೆಯೇ?"

ಅವನಿಗೆ ಅರ್ಥವಾಗಲಿಲ್ಲ. ಅದೇ ಕಷ್ಟ, ಈ ಜನಕ್ಕೆ ಬೈದರೂ ರಾಗ ತಿಳಿಯುವುದಿಲ್ಲ.

"ಪುಟ ಅಚ್ಚಿಗೆ ಹೋಗ್ತಾ ಇದೆ" ಎಂದು ಎದ್ದು ನಿಂತ. ಹಳೆಯ ರೋಮಿನಲ್ಲಿ ಸೋತ ಸೇನಾಪತಿ ತನ್ನ ಕತ್ತಿಯ ಮೇಲೆ ತಾನೇ ಬೀಳುತ್ತಿದ್ದನಂತೆ. ನಮ್ಮ ಸೇನಾಪತಿಗಳು ಇನ್ನೊಬ್ಬನನ್ನು ಕತ್ತಿಯ ಮೇಲೆ ಬೀಳಿಸಿ ಅವನ ಮೇಲೆ ಕಾಲಿಟ್ಟು ಮೆತ್ತಗೆ ದಾಟುತ್ತಾರೆ. ಆ ಕತ್ತಿಯನ್ನು ಇವನ ಕೈಗೆ ಒಯ್ದು ಕೊಟ್ಟವರಾರು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಗಾಳಿ ಕೇಳುತ್ತಿತ್ತು. ಗಾಳಿಗೆ ಬೇರೆ ಕೆಲಸವಿಲ್ಲ.

ಅಕ್ಟೋಬರ್ 19, ಶನಿವಾರ

ಜೆಸ್ಸಿಯ ಅಂಗಡಿ. ಎಲ್ಲವನ್ನೂ ಹೇಳಿದೆ. ಸಕ್ಕರೆ ತೂಗುತ್ತಿದ್ದಳು. ಹೇಳಿ ಮುಗಿಸುವಷ್ಟರಲ್ಲಿ ತಕ್ಕಡಿಯ ತಟ್ಟೆ ತುಂಬಿ ಹಲಗೆಯ ಮೇಲೆ ಸುರಿಯುತ್ತಿತ್ತು.

"ನಮ್ಮ ಸ್ಯಾಂಡಿನೂ ಕೇಳಿದ್ನಾ?"

"ಕೇಳಿದ. ಅಮ್ಮ ಕೇಳಿದರೆ ಆಗಿದೆ ಎಂದು ಹೇಳಬಹುದು ಎಂದನಂತೆ."

ಅವಳು ಸಕ್ಕರೆಯನ್ನು ಅಂಗೈಯಿಂದ ಒಂದೇ ಕಡೆಗೆ ಗುಡಿಸಿದಳು, ಬಹಳ ಹೊತ್ತು.

"ಆಗಿದೆ ಅನ್ನು ಹಾಗಾದ್ರೆ" ಎಂದಳು. "ಇಬ್ಬರಿಗೂ ಆಗಿದೆ." ಏಪ್ರನ್ನಿನಿಂದ ಮುಖ ಒರೆಸಿಕೊಂಡು ತಲೆ ಎತ್ತಿದಾಗ ಬೇರೆಯೇ ಜೆಸ್ಸಿ. "ಆ ಮುದಿ ಗಿಡುಗ ಏನಂತ ಬರೆದಿದಾನೆ ಅಂದೆ? ನಮ್ಮ ಹುಡುಗರು ಹೆದರಿಕೊಂಡ್ರು ಅಂತಾನಾ? ಹೆದರಿಕೊಂಡು ಸೋತ್ರು ಅಂತಾನಾ?"

"ಅದರ ಅರ್ಥ ಅದೇ."

"ಅಂಥ ಪುಸ್ತಕದಲ್ಲಿ ನನ್ನ ಮಕ್ಕಳ ಮುಖ ಇರಬೇಕಾ?"

ಅದೇ ಸರಿ. ನನಗೆ ಏಕೆ ಹೊಳೆಯಲಿಲ್ಲವೋ. ವಾಕ್ಯಗಳು ಅವನವು, ತಡೆಯಲಾರೆವು. ಮುಖಗಳು ನಮ್ಮವು.

ಅಕ್ಟೋಬರ್ 23, ಬುಧವಾರ

ಅವನ ಮೆಟ್ಟಿಲ ಮೇಲೆ ನಿಲ್ಲಲು ಜಾಗ ಸಾಲದಷ್ಟು ಹೆಂಗಸರು. ಮೀನಿಗೆ ಉಪ್ಪು ಹಾಕುವ ಕಟ್ಟೆಯಿಂದ ನೇರ ಬಂದವರ ಕೈಯಲ್ಲಿ ಇನ್ನೂ ಹೆರಿಂಗ್ ಮೀನಿನ ಪೊರೆ ಮಿನುಗುತ್ತಿತ್ತು. ಜೆಸ್ಸಿ ಕೊಡೆಯ ಹಿಡಿಯಿಂದ ಬಾಗಿಲು ಬಡಿದಳು. ಆಳು ತೆರೆದ. ಹಿಂಬಾಗಿಲಿಗೆ ಬನ್ನಿ ಎಂದ.

"ಫೋಟೋ ಕೇಳೋಕೆ ನಿಮ್ಮ ಯಜಮಾನ ನಮ್ಮ ಮುಂಬಾಗಿಲಿಗೇ ಬಂದಿದ್ದ" ಎಂದಳು ಜೆಸ್ಸಿ. "ಕರಿ ಅವನನ್ನ."

ಕರ್ನಲ್ ಬಂದ. ಏನು ಸಮಾಚಾರ ಎಂದ.

"ನಮ್ಮ ಮಕ್ಕಳ ಮುಖ ವಾಪಸ್ ಕೊಡಿ" ಎಂದೆ ನಾನು.

"ಮಿಸೆಸ್ ಗೆಡ್ಡೆಸ್, ನೀವು ತಿಳಿದವರು. ಫೋಟೋಗಳೆಲ್ಲ ನಾಳೆ ಅಚ್ಚಿಗೆ ಹೋಗಬೇಕು..."

"ಹೆದರಿಕೊಂಡವರ ಫೋಟೋ ನಿಮಗ್ಯಾಕೆ ಸ್ವಾಮಿ?" ಎಂದು ಹಿಂದಿನಿಂದ ಯಾರೋ. "ಕುದುರೆದು ಹಾಕ್ಕೊಳ್ಳಿ!"

ನಗು ಎದ್ದಿತು, ಒಳ್ಳೆಯ ನಗುವಲ್ಲ. ಅವನು ನನ್ನತ್ತಲೇ ನೋಡುತ್ತಿದ್ದ. ಅವನ ವರ್ಗದವರು ಯಾವಾಗಲೂ ಗುಂಪಿನಲ್ಲಿ ಓದಿದವರು ಯಾರು ಎಂದು ಹುಡುಕುತ್ತಾರೆ, ಅವರ ಜೊತೆ ಒಪ್ಪಂದ ಮಾಡಿಕೊಳ್ಳಲು. ನಾನು ಕೈ ಚಾಚಿ ನಿಂತೆ. ಶಾಲೆಯಲ್ಲಿ ಹುಡುಗರು ಬಾಯಲ್ಲಿಟ್ಟುಕೊಂಡ ಮಿಠಾಯಿ ಉಗುಳಲು ಕೈ ಚಾಚುತ್ತಿದ್ದೆನಲ್ಲ, ಹಾಗೆ.

ಆಳು ಎರಡು ಪೆಟ್ಟಿಗೆ ಹೊತ್ತು ತಂದ. ಮೆಟ್ಟಿಲ ಮೇಲೆಯೇ ಒಬ್ಬೊಬ್ಬರೂ ತಮ್ಮವನನ್ನು ಹುಡುಕಿ ತೆಗೆದುಕೊಂಡರು. ಹೆಸರು ಕರೆಯುವುದು ಬೇಕಾಗಲಿಲ್ಲ.

ಲಾಕ್ಲನ್ ಗೋಡೆಗೆ ಮರಳಿದ್ದಾನೆ. ಚೌಕಟ್ಟು ಸ್ವಲ್ಪ ಓರೆ.

ನವೆಂಬರ್ 2, ಶನಿವಾರ

ಕೊನೆಯ ಕರಡು. ಮುನ್ನುಡಿಯಲ್ಲಿ ನನಗೆ ಕೃತಜ್ಞತೆ ಹೇಳಿದ್ದ ಸಾಲು ಹೋಗಿದೆ, ಸಂತೋಷ. ಅರವತ್ತನೆಯ ಪುಟದಲ್ಲಿ ಹುರುಪಿನ ನಡೆಯೂ ಇಲ್ಲ, ಶೋಕರಾಗವೂ ಇಲ್ಲ, ಮನ್ರೋ ಎಂಬ ಹೆಸರೂ ಇಲ್ಲ. ಆರು ಸಾಲು ಇದ್ದಲ್ಲಿ ಈಗ ಒಂದು: "ಬಟಾಲಿಯನ್ನು ಗೊತ್ತುಪಡಿಸಿದ ಗಂಟೆಗೆ ಮುನ್ನಡೆಯಿತು."

ಗೊತ್ತುಪಡಿಸಿದವರು ಯಾರು ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದು ವಾಪಸ್ ಕಳಿಸಿದೆ. ಉತ್ತರ ಬರುವುದಿಲ್ಲ.

ತಂತಿಯ ವಾಕ್ಯವೂ ಹಿಂದಿರುಗಿಲ್ಲ. ಡಾಡ್ ಬದುಕಿರುವವರೆಗೆ ಅದು ಗೇಟಿನ ಹತ್ತಿರ ಇರುತ್ತದೆ. ಆಮೇಲೆ ಇಲ್ಲಿ, ನನ್ನ ಈ ದಿನಚರಿಯಲ್ಲಿ.

ನವೆಂಬರ್ 11, ಸೋಮವಾರ

ಸ್ಮಾರಕದ ಮುಂದೆ ಚಳಿ. ಕರ್ನಲನ ಪುಸ್ತಕ ಮೇಜಿನ ಮೇಲೆ ಕೂತಿತ್ತು, ಕೊಳ್ಳುವವರಿಲ್ಲದ ಮೀನಿನಂತೆ. ಮುಖಗಳಿಲ್ಲ, ಒಂದೇ ಒಂದು ಚಿತ್ರ, ಅವನದು.

ಟಾರ್ಕ್ವಿಲ್ ಬಂದಿದ್ದ. ಎಲ್ಲರಿಗಿಂತ ಹಿಂದೆ, ಗೋಡೆಗೆ ಒರಗಿ. ಜೆಸ್ಸಿ ತಿರುಗಿ ನೋಡಿದಳು, ಏನೂ ಹೇಳದೆ ತನ್ನ ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಸರಿದಳು. ಅವನು ಕದಲಲಿಲ್ಲ. ಅವಳು "ಏ, ಕಾಲು ನೋಯ್ತಿದೆ ನನಗೆ, ಈ ಜಾಗ ಎಷ್ಟು ಹೊತ್ತು ಕಾಯ್ಲಿ?" ಎಂದಳು, ಮೌನದ ನಿಮಿಷಗಳು ಶುರುವಾಗುವ ಮುಂಚೆ, ಇಡೀ ಚೌಕಕ್ಕೆ ಕೇಳುವಂತೆ. ಬಂದು ನಿಂತ.

ಎಲ್ಲ ಮುಗಿದ ಮೇಲೆ ನಾನು ಅವನನ್ನು ಹಿಡಿದೆ.

"ಒಂದು ಸಲ ಊದು. ಇಲ್ಲಿ ಬೇಡ, ನಮ್ಮ ಹಿತ್ತಲಲ್ಲಿ. ಲಾಕ್ಲನ್‌ಗೆ. ನಾನು ಕೇಳಬೇಕು."

ತಲೆಯಾಡಿಸಿದ. "ಆಗಲ್ಲ, ಲಾಕ್ಲನ್ ಅಮ್ಮ. ಒಬ್ಬನಿಗೆ ಒಂದೇ ಸಲ. ಅವನಿಗೆ ಊದಿ ಆಗಿದೆ."

ಮೊಂಡ. ಸತ್ತವನ ತಾಯಿಗೇ ನಿಯಮ ಹೇಳುತ್ತಾನೆ. ಆ ನಿಯಮ ನನಗೆ ಗೊತ್ತಿಲ್ಲವೇ?

ಸ್ವಲ್ಪ ದೂರ ಜೊತೆಯಲ್ಲೇ ನಡೆದೆವು, ಅವನ ದಾರಿಯೂ ಅದೇ ಆದದ್ದರಿಂದ.

"ಪೂರ್ತಿ ಊದಿದೆಯಾ? ಅರ್ಧಕ್ಕೆ ನಿಲ್ಲಿಸಲಿಲ್ಲ ತಾನೇ?"

"ಪೂರ್ತಿ. ತಪ್ಪಿಲ್ಲದೆ. ಒಂದು ಸ್ವರ ತಪ್ಪಿದ್ರೂ ಅವನು ಬಿಡ್ತಿರಲಿಲ್ಲ, ನಿಮ್ಮ ಮಗ ಅಲ್ವಾ? ಮುಗಿದ ಮೇಲೆ ತಲೆ ಆಡಿಸಿದ. ಚೆನ್ನಾಗಿತ್ತು ಅನ್ನೋ ಹಂಗೆ."

ನನ್ನ ಮನೆಯ ಗೇಟು ಬಂತು.

"ನನಗಂತೂ ಇನ್ನೂ ಊದಿ ಆಗಿಲ್ಲ" ಎಂದೆ. "ನನ್ನ ಸರದಿಗೆ ಯಾರು? ಈಗಿನ ಹುಡುಗರು ಊದುವುದನ್ನು ಕೇಳಿದರೆ ಎದ್ದು ಕೂತು ತಿದ್ದಬೇಕಾಗುತ್ತದೆ."

ಅವನು ನಕ್ಕ. ಹಲ್ಲು ಒಂದೆರಡು ಇಲ್ಲ. "ನನ್ನ ಚೀಲ ಬಿರಿದು ಹೋಗಿದೆ. ಅದು ಮತ್ತೆ ಹದಕ್ಕೆ ಬರಬೇಕು ಅಂದ್ರೆ ಒಂದಿಡೀ ಚಳಿಗಾಲ ಕಾಕಂಬಿ ಕುಡಿಸಬೇಕು."

"ನನಗೇನು ಅವಸರವಿಲ್ಲ" ಎಂದೆ.

ಕರ್ನಲನ ಭಾಷಣದಲ್ಲಿ ವ್ಯಾಕರಣದ ತಪ್ಪುಗಳಿದ್ದವು. ಅವನನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ.

ನವೆಂಬರ್ 16, ಶನಿವಾರ

ಮೊದಲ ಹಿಮ. ಚೌಕಟ್ಟನ್ನು ನೆಟ್ಟಗೆ ಮಾಡಿದೆ. ಜೆಸ್ಸಿಯ ಅಂಗಡಿಯಿಂದ ಎರಡು ಡಬ್ಬಿ ಕಾಕಂಬಿ ತಂದೆ. ಒಂದು ಶುಂಠಿ ಕೇಕಿಗೆ.